ಬಿಳಿ ಹಿಂಡಿನೊಳಗಿನ ಕರಿ

ನಮ್ಮ ಸೋದರತ್ತೆ ಹುಲುಗಮ್ಮನನ್ನು ಕಳ್ಳಿ ಎಂದವರನ್ನು ಕಟ್ಟೆಯ ಮೇಲೇ ನಿಲ್ಲಿಸಿ ನೀರಿಳಿಸಬೇಕು ಎಂದು ಮನೆ ಬಿಟ್ಟವಳು ನಾನು. ಆದೋನಿಯಲ್ಲಿ ಕೌತಾಳಂ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು, ಊರಿನ ಕಾಲುದಾರಿ ಹಿಡಿಯುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿತ್ತು. ಅದರ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕೂತಿತ್ತು. ನನ್ನ ಹಣೆಬರಹವೇ ಇಷ್ಟು. ಜಗಳಕ್ಕೆಂದು ಹೋಗಿ, ಎದುರಾಳಿಯ ಗೋಡೆ ಮೇಲಿನ ಹಲ್ಲಿಗೆ ಬಾಲ ಯಾಕಿಲ್ಲ ಎಂದು ನೋಡುತ್ತ ನಿಲ್ಲುವವಳು. ನನ್ನ ಗಂಡ ದೇವದಾಸ್ ಪುರಸಭೆಯಲ್ಲಿ ಗುಮಾಸ್ತ. "ನಿನ್ನ ಕೈಲಿ ಜಗಳ ಆಗಂಗಿಲ್ಲ ಶಿವಲಕ್ಷ್ಮಿ, ಪಾಠ ಮಾಡಿ ಬರ್ತಿ ನೋಡು" ಎಂದು ನಗುತ್ತಲೇ ಕಳಿಸಿದ್ದ. ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಹೆಂಡತಿಯನ್ನು ಹೀಗೆ ಆಡಿಕೊಳ್ಳುವುದು ಅವನ ದಿನನಿತ್ಯದ ಸುಖ.

ವಿಷಯ ಇದು. ನಮ್ಮೂರಲ್ಲಿ ಸುಂಕಲಮ್ಮ ದೇವಿಗೆ ಒಂದು ಕುರಿ ಹಿಂಡಿದೆ. ಅದು ಯಾರದೂ ಅಲ್ಲ, ಅವ್ವನದು. ಹರಕೆ ಹೊತ್ತವರು ಯಾವ ಕಾಲದಿಂದಲೋ ಬಿಡುತ್ತ ಬಂದ ಕುರಿಗಳ ಸಂತಾನ. ಮೇಯಿಸುವ ಹಕ್ಕು ನಮ್ಮ ಮನೆಯದು. ತಾತ ಮೇಯಿಸಿದ. ಅಪ್ಪ ಆದೋನಿಯ ಹತ್ತಿ ಮಿಲ್ಲು ಸೇರಿದ ಮೇಲೆ, ಗಂಡ ಸತ್ತು ತವರಿಗೆ ಬಂದಿದ್ದ ಅತ್ತೆ ಕೋಲು ಹಿಡಿದಳು. ಅವಳ ವಯಸ್ಸಿನವರೆಲ್ಲ ಮೊಮ್ಮಕ್ಕಳನ್ನು ಆಡಿಸುತ್ತಿದ್ದರೆ ಇವಳು ಇವತ್ತಿಗೂ ಹೊತ್ತು ಮೂಡುವ ಮೊದಲೇ ಹಿಂಡು ಬಿಟ್ಟುಕೊಂಡು ಹೋಗುತ್ತಾಳೆ.

ಪ್ರತಿ ಚೈತ್ರದಲ್ಲಿ ಅವ್ವನಿಗೆ ಆ ಹಿಂಡಿನಲ್ಲೇ ಹುಟ್ಟಿದ ಒಂದು ಟಗರು ಸಲ್ಲಬೇಕು. ಅದು ಪೂರ್ತಿ ಕಪ್ಪಗಿರಬೇಕು, ಒಂದು ಬಿಳಿ ಕೂದಲೂ ಇರಬಾರದು. ಹಿಂಡು ಬಹುಪಾಲು ಬಿಳಿಯದೇ ಆದರೂ ಅಷ್ಟೋ ಇಷ್ಟೋ ಕರಿ ಮರಿಗಳು ಪ್ರತಿವರ್ಷ ಹುಟ್ಟುತ್ತಿದ್ದವು. ಈಗ ಮೂರು ವರ್ಷದಿಂದ ಒಂದೂ ಇಲ್ಲ. ಮೊದಲೆರಡು ವರ್ಷ, ಹಿಂದೆ ಹುಟ್ಟಿ ಪೂಜಾರಿಯ ಅಂಗಳದಲ್ಲಿ ಬೆಳೆದಿದ್ದ ಟಗರುಗಳಿಂದ ಕೆಲಸ ಸಾಗಿತು. ಈ ಚೈತ್ರದಲ್ಲಿ ಅದೂ ಮುಗಿದು, ಹಾಲಹರವಿ ಕಡೆಯಿಂದ ಒಂದು ಕರಿ ಟಗರು ಕೊಂಡು ತಂದರು. ನಮ್ಮಲ್ಲಿ ಟಗರಿನ ಬೆನ್ನಿಗೆ ಅರಿಸಿನ ನೀರು ಹಾಕಿ ಅವ್ವನನ್ನು ಕೇಳುವ ಪದ್ಧತಿ. ಟಗರು ಮೈ ಕೊಡವಿದರೆ ಅವ್ವ ಒಪ್ಪಿದಳು ಎಂದರ್ಥ. ಹಾಲಹರವಿ ಟಗರು ಕೊಡವಲೇ ಇಲ್ಲ. ಕೊಡಗಟ್ಟಲೆ ನೀರು ಸುರಿದರೂ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಿತಂತೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಆ ಬಡ ಪ್ರಾಣಿಗೆ ತಂಪೆನಿಸಿರಬೇಕು ಎಂದು ನನಗನಿಸಿತು. ಊರಿಗೆ ಹಾಗನಿಸಲಿಲ್ಲ. ಕೊಂಡದ್ದು ಅವ್ವನಿಗೆ ಬೇಡ, ಅವಳದನ್ನೇ ಯಾರೋ ಕದ್ದಿದ್ದಾರೆ ಎಂದರು. ಹುಟ್ಟಿದ ಕರಿ ಮರಿಯನ್ನು ಯಾರಿಗೂ ತೋರಿಸದೆ ಆದೋನಿ ಸಂತೆಗೆ ಸಾಗಿಸುವವರು, ಮೇಯಿಸುವವಳಲ್ಲದೆ ಇನ್ಯಾರು?

ಕಟ್ಟೆಯ ಮೇಲೆ ಸೇರಿದ ಹಿರಿಯರು ಒಂದು ಗಡುವು ಕೊಟ್ಟರು. ಕಾರ್ತಿಕದಲ್ಲಿ ಕುರಿ ಈಯುವ ಹೊತ್ತಿಗೆ ಒಂದಾದರೂ ಕರಿ ಮರಿ ಕಾಣದಿದ್ದರೆ ಹಿಂಡು ಬೇರೆ ಮನೆಗೆ.

ನಾನು ಹೋದಾಗ ಅತ್ತೆ ಒಳಗೇ ಇದ್ದಳು. ಅಂಗಳದ ಬಂಡೆಯ ಮೇಲೆ ಕೊರೆದ ಅಷ್ಟಾಚೆಮ್ಮ ಆಟದ ಮನೆಗಳ ಮೇಲೆ ಧೂಳು ಕೂತಿತ್ತು. ಹಿಂಡು ದೊಡ್ಡಿ ಸೇರಿದ ಮೇಲೆ ಅಲ್ಲಿ ಕೂತು ಓಣಿಯವರೆಲ್ಲರನ್ನೂ ಸೋಲಿಸಿ, ಸೋತವರನ್ನು ಬೈದು, ಎಲೆ ಅಡಿಕೆ ಕೊಟ್ಟು ಕಳಿಸುವುದು ಅವಳ ಕ್ರಮ.

"ನಳಕ್ಕೂ ಹೋಗವಲ್ಲೆ" ಎಂದಳು. "ಹೋದ್ರ ಎಲ್ಲಾರೂ ಮಾತು ನಿಲ್ಲಸ್ತಾರ."

"ಯಾರು ಅಂದಿದ್ದು ಮೊದಲು? ಪೆದ್ದಣ್ಣ ಕಾಕಾನಾ?"

ಪೆದ್ದಣ್ಣ ಊರ ಹಿರಿಯ, ದೊಡ್ಡ ದೊಡ್ಡಿಯ ಒಡೆಯ, ಆದರೂ ಅತ್ತೆಗಿಂತ ಚಿಕ್ಕವನು. ಮೂಗು ಸುರಿಸಿಕೊಂಡಿದ್ದಾಗಿನಿಂದ ಇವಳ ಹಿಂದೆ 'ಹುಲುಗಕ್ಕ, ಹುಲುಗಕ್ಕ' ಎಂದು ಓಡಾಡಿದವನು.

"ಕಳ್ಳಿ ಅಂದಿದ್ದು ಊರು. ಅದು ಬಿಡು. ಪೆದ್ದಣ್ಣ ಕಟ್ಟಿ ಮ್ಯಾಲ ಕುಂತು, ನಾ ಎದುರಿಗೇ ನಿಂತೀನಿ, 'ಆಕೀನ ಕೇಳ್ರಿ, ಆಕೀಗೇ ಗೊತ್ತು' ಅಂದ. ಆಕಿ ಅಂತ! ನನ್ನ ಮುಂದ ನನ್ನನ್ನ! ಅವತ್ತಿಂದ ಅಕ್ಕ ಅಂದಿಲ್ಲ ಲಕ್ಷ್ಮೀ ಅವ."

ಅವಳ ಕಣ್ಣು ತುಂಬಿತು. ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಆದರೆ ಬಾಯಿಂದ ಹೊರಟದ್ದು ಬೇರೆಯೇ ಮಾತು.

"ಅತ್ತೀ, ನೀ ಮಾರಿಲ್ಲ ಕದಾ?"

ಅವಳು ಚೊಂಬನ್ನು ನೆಲಕ್ಕೆ ಕುಕ್ಕಿದಳು. ಊಟ ಮುಗಿಯುವ ತನಕ ನನ್ನೊಡನೆ ಮಾತಿಲ್ಲ. ರೊಟ್ಟಿಯನ್ನು ತಟ್ಟೆಗೆ ಹಾಕುವ ಸದ್ದಿನಲ್ಲೇ ನನ್ನನ್ನು ಬೈದಳು. ನಾನು ಕೇಳಿದ್ದು ಸಂಶಯದಿಂದಲ್ಲ. ಮಾರಿಲ್ಲ ಎಂದರೆ ಕರಿ ಎಲ್ಲಿ ಹೋಯಿತು, ಅದು ನನಗೆ ತಿಳಿಯಬೇಕಿತ್ತು. ಇಷ್ಟು ತಲೆಮಾರು ಹುಟ್ಟುತ್ತಿದ್ದ ಬಣ್ಣ ಒಂದು ವರ್ಷ ಥಟ್ಟನೆ ನಿಂತುಹೋಗುತ್ತದೆ ಎಂದರೆ ಏನರ್ಥ?

ಮಜ್ಜಿಗೆ ಕುಡಿದ ಮೇಲೆ ಅವಳ ಸಿಟ್ಟು ತಗ್ಗಿತು. ನಾನು ಕೇಳುತ್ತ ಹೋದೆ.

"ಕರಿ ಗಂಡು ಮರಿ ಹುಟ್ಟಿದ್ರ ಏನ್ ಮಾಡ್ತೀರಿ?"

"ಮಾಡೋದೇನು? ಹಾಲು ಬಿಟ್ಟ ಕೂಡ್ಲೇ ಕೊರಳಿಗೆ ಕೆಂಪು ದಾರ ಕಟ್ಟಿ ಪೂಜಾರಿ ಉರುಕುಂದನ ಅಂಗಳದಾಗ ಕಟ್ತೀವಿ. ಹೆಣ್ಣು ಕಂಡ ಟಗರು ಅವ್ವಗ ಸಲ್ಲಂಗಿಲ್ಲ."

"ಮತ್ತ ಕರಿ ಹೆಣ್ಣು ಮರಿ?"

"ಅದು ಪೂಜಾರಿ ಪಾಲು. ಒಯ್ದು ಸಂತ್ಯಾಗ ಬದಲಿ ಮಾಡ್ಕೊಂತಾನ. ಅವ್ವನ ಕರಿ ನಾವು ಇಟ್ಕಳಾಂಗಿಲ್ಲ."

"ಅಂದ್ರ ಹಿಂಡಿನಾಗ ಕರಿ ಕುರಿ, ದೊಡ್ಡದು, ಎಂದೂ ಇರಲಿಲ್ಲ?"

"ಇದ್ದೀತು ಹ್ಯಾಂಗ? ಕರಿ ಮರಿ ಯಾವಾಗ್ಲೂ ಬಿಳಿ ಕುರೀಗೇ ಹುಟ್ಟಿದ್ದು." ಇಷ್ಟು ಸಣ್ಣ ವಿಷಯ ಕೇಳುತ್ತಾಳಲ್ಲ ಎಂಬಂತೆ ನನ್ನನ್ನು ನೋಡಿದಳು.

ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಅಕ್ಷರಗಳ ಚೌಕ ಹಾಕಿ, ಒಂದೇ ಗುಣದ ಜೋಡಿ ರೂಪಗಳಿಗೆ ಅಲೀಲ್ ಎಂದು ಬರೆದು, ಮಕ್ಕಳು ಆಕಳಿಸುವುದನ್ನು ನೋಡುತ್ತಿದ್ದೆ. ಅದೇ ಪಾಠ ಇಲ್ಲಿ ಹುಲ್ಲು ಮೇಯುತ್ತಿದೆ! ಊರು ಎಷ್ಟೋ ಕಾಲದಿಂದ ಹಿಂಡಿನಲ್ಲಿ ಕಂಡ ಕಪ್ಪನ್ನೆಲ್ಲ ಆರಿಸಿ ತೆಗೆಯುತ್ತಿದೆ. ಭಕ್ತಿಯಿಂದ, ತಪ್ಪದೆ. ಅಷ್ಟು ತೆಗೆದರೂ ಕಪ್ಪು ಮತ್ತೆ ಮತ್ತೆ ಹುಟ್ಟುತ್ತಿತ್ತು ಎಂದರೆ ಅದು ಕಾಣದ ಕಡೆ ಅಡಗಿತ್ತು.

"ಮೊದಲು ಎಷ್ಟು ಹುಟ್ತಿದ್ವು?"

"ನಿಮ್ಮ ತಾತನ ಕಾಲಕ್ಕ ಕೈ ಬೆರಳು ಸಾಲ್ತಿದ್ದಿಲ್ಲಂತ. ನನ್ನ ಕಾಲಕ್ಕ ನಾಕು, ಮೂರು. ಆಮ್ಯಾಲ ಒಂದೆರಡು. ಈಗ ಮೂರು ವರ್ಷ ಆತು, ಬಿಲ್‌ಕುಲ್ ಇಲ್ಲ."

ನಿಧಾನವಾಗಿ ಇಳಿದದ್ದಕ್ಕೆ ಕಾರಣ ಸಿಕ್ಕಿತು. ಒಮ್ಮೆಲೇ ನಿಂತದ್ದಕ್ಕೆ?

"ಮೂರು ವರ್ಷದ ಹಿಂದ ಏನಾತು ಅತ್ತೀ? ಹಿಂಡಿನಾಗ ಏನಾರ ಬದಲಾತಾ?"

"ಏನೂ ಇಲ್ಲ." ಆಮೇಲೆ ಕತ್ತು ಹೊರಳಿಸಿ ದೊಡ್ಡಿಯ ಕಡೆ ನೋಡಿದಳು. ಅಲ್ಲಿ ಕೊಂಬು ತಿರುಚಿದ, ಸೊಂಟದೆತ್ತರದ ಒಂದು ಬಿಳಿ ಟಗರು ಹಿಂಡಿನ ನಡುವೆ ಗತ್ತಿನಿಂದ ನಿಂತಿತ್ತು. "ದೊರೆ ಬಂದ. ಪೆದ್ದಣ್ಣ ದೇವನಕೊಂಡದಿಂದ ತಂದು ಅವ್ವಗ ಬಿಟ್ಟಾನ, ಮಗಳ ಹೆರಿಗಿ ಸಸೂತ್ರ ಆತು ಅಂತ. ಹಿಂಡು ಚಲೋ ಆಗ್ಲಿ ಅಂದ. ಅವಾಗಿಂದ ನಮ್ಮ ಹಳೇ ಟಗರು ಒಂದನ್ನೂ ಇಟ್ಟಿಲ್ಲ. ಎಲ್ಲಾ ಇವಂದ."

ನಾನು ಎದ್ದು ನಿಂತು ನಕ್ಕುಬಿಟ್ಟೆ. ಅತ್ತೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಅವಳಿಗೆ ಹೇಳಬೇಕಲ್ಲ, ಹೇಗೆ? ಹಲಗೆಯ ಅಕ್ಷರಗಳು ಇಲ್ಲಿ ನಡೆಯವು. ಬಾಯಿಗೆ ಬಂದ ಹಾಗೆ ಎರಡು ಸಲ ಶುರು ಮಾಡಿ ಎರಡು ಸಲವೂ ಗೊಂದಲ ಮಾಡಿಕೊಂಡೆ. ಕೊನೆಗೆ ಅವಳೇ ಬೇಸತ್ತು, ಮಾಡದಲ್ಲಿದ್ದ ಹುಣಸೆಬೀಜಗಳನ್ನು ತಂದು ಬಂಡೆಯ ಮೇಲೆ ಸುರಿದಳು. "ನಿನ್ನ ಮಾತು ಸಾಕು, ಬಾ ಆಡೋಣು" ಎಂದಳು. ಅಷ್ಟಾಚೆಮ್ಮದ ಬೀಜಗಳು ಅವು. ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿರುತ್ತಾರೆ, ಇನ್ನೊಂದು ಮಗ್ಗುಲು ಕರ್ರಗೆ ಹಾಗೇ. ಎಸೆದರೆ ಎಷ್ಟು ಬಿಳಿ ಮೇಲೆ ಬಿತ್ತು ನೋಡಿ ಕಾಯಿ ನಡೆಸುವುದು.

ನಾನು ಒಂದು ಬೀಜ ಎತ್ತಿ ಹಿಂದೆ ಮುಂದೆ ತಿರುಗಿಸಿದೆ. ಒಂದು ಕುರಿಯೊಳಗೆ ಎರಡು ಮುಖ. ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ. ಮರಿಗೆ ಕೊಡುವಾಗ ಎರಡರಲ್ಲಿ ಒಂದು. ನಾನು ಇಪ್ಪತ್ತು ವರ್ಷ ಹುಡುಕಿದ ಉಪಮೆ ನಮ್ಮ ಅಂಗಳದಲ್ಲೇ ಬಿದ್ದಿತ್ತು.

ಮರುದಿನ ಕಾಲೇಜಿಗೆ ರಜೆ ಹೇಳಿ, ಅತ್ತೆಯನ್ನು ಕಟ್ಟಿಕೊಂಡು ಕಟ್ಟೆಗೆ ಹೋದೆ. ಪೆದ್ದಣ್ಣ ಕಾಕಾ ಇದ್ದ, ಉರುಕುಂದ ಪೂಜಾರಿ ಇದ್ದ. ಅತ್ತೆ ಕಟ್ಟೆ ಹತ್ತಲಿಲ್ಲ. ಕೆಳಗೇ ಕಂಬಳಿ ಹೊದ್ದು ನಿಂತಳು.

"ಕಾಕಾ, ಆಡ್ತೀಯಾ?" ಎಂದು ಬೀಜ ಮುಂದಿಟ್ಟೆ. ಊರಿನಲ್ಲಿ ಅಷ್ಟಾಚೆಮ್ಮದಲ್ಲಿ ಅತ್ತೆಗೆ ಸಮ ಆಡುವವನು ಅವನೊಬ್ಬನೇ. ಈಗೀಗ ಅವನಿಗೂ ಜೊತೆ ಇರಲಿಲ್ಲ.

"ಜಗಳಕ್ಕ ಬಂದೀ ಅಂತ ಕೇಳಿದ್ದೆ."

"ಮೊದಲು ಆಟ, ಆಮ್ಯಾಲ ಜಗಳ. ಈ ಬೀಜ ಒಂದು ಹೆಣ್ಣು ಕುರಿ ಅನ್ಕೋ. ಹೊರಗ ಬಿಳಿ, ಆದ್ರ ಒಳಗ ಒಂದು ಬಿಳಿ ಮುಖ, ಒಂದು ಕರಿ ಮುಖ. ಈ ಇನ್ನೊಂದು, ಅಂಥಾದ್ದೇ ಟಗರು. ಎರಡೂ ಎಸಿ. ಮ್ಯಾಲ ಬಿದ್ದ ಎರಡು ಮುಖ ಸೇರಿದ್ರ ಒಂದು ಮರಿ. ಒಂದು ಬಿಳಿ ಮುಖ ಇದ್ರೂ ಸಾಕು, ಮರಿ ಬಿಳೀನ. ಎರಡೂ ಕರಿ ಬಿದ್ರ ಮಾತ್ರ ಕರಿ ಮರಿ."

ಅವನು ಎಸೆದ. ಬಿಳಿ. ಮತ್ತೆ ಬಿಳಿ. ಮತ್ತೆರಡು ಸಲ ಎಸೆದಾಗ ಎರಡೂ ಕರಿ ಬಿದ್ದವು. ಉರುಕುಂದ ಮುಂದಕ್ಕೆ ಬಾಗಿದ. "ಬಿಳಿ ತಾಯಿ, ಬಿಳಿ ತಂದಿ, ಮರಿ ಕರಿ!"

"ಹೌದು. ನಾಕರಾಗ ಒಂದು ಅಂದಾಜಿಗೆ. ನಮ್ಮ ಹಿಂಡಿನಾಗ ಯಾವಾಗ್ಲೂ ಕರಿ ಹುಟ್ಟಿದ್ದು ಹಿಂಗೇ. ಈಗ ಇದು ನೋಡ್ರಿ." ರಾತ್ರಿ ಕೂತು ಎರಡೂ ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿದ್ದ ಬೀಜವನ್ನು ತೆಗೆದೆ. "ಇದು ಒಳಗೂ ಬಿಳಿ, ಹೊರಗೂ ಬಿಳಿ. ಇವನ್ನ ಟಗರು ಮಾಡಿ ಎಸಿ ಕಾಕಾ. ಒಂದ ಕರಿ ಮರಿ ಹುಟ್ಟಿಸು."

ಅವನು ಎಸೆದ. ಎಸೆಯುತ್ತಲೇ ಹೋದ. ಕುರಿಯ ಬೀಜ ಕರಿ ಬಿದ್ದಾಗಲೆಲ್ಲ ಟಗರಿನ ಬೀಜ ಬೆಳ್ಳಗೆ ನಗುತ್ತಿತ್ತು. ಅದಕ್ಕೆ ಬೇರೆ ಮುಖವೇ ಇಲ್ಲ, ಬಿದ್ದೀತು ಹೇಗೆ? ಪೆದ್ದಣ್ಣ ಸೋಲು ಒಪ್ಪದ ಆಟಗಾರ. ಕೈಯೊಳಗೆ ಕುಲುಕಿದ, ಊದಿದ, ನೆಲ ಒರೆಸಿ ಎಸೆದ. ನೋಡುತ್ತ ನಿಂತವರು ನಗತೊಡಗಿದಾಗ ಕೈ ತಡೆದ.

"ಯಾರು ಈ ಟಗರು?" ಎಂದ ಮೆಲ್ಲಗೆ.

ಕೆಳಗಿನಿಂದ ಅತ್ತೆ ಹೇಳಿದಳು. "ದೊರೆ."

ಪೆದ್ದಣ್ಣನ ಮುಖ ಕೆಂಪೇರಿತು. "ಅಂದ್ರ ನಾ ಅವ್ವಗ ಕೊಟ್ಟ ಹರಕೀನೇ ಅವ್ವನ ಕರೀನ ನುಂಗೇತಿ ಅಂತೀಯೇನು?"

"ನುಂಗಿಲ್ಲ ಕಾಕಾ, ಮುಚ್ಚೇತಿ. ನೀ ಕುರಿ ಎಣಸ್ತಿ, ಎಲ್ಲಾ ಬಿಳಿ ಕಾಣ್ತಾವು. ಕುರಿ ಬಿಟ್ಟು ಅವುಗಳ ಒಳಗಿನ ಮುಖ ಎಣಸು. ಬಿಳಿ ಕುರಿಯೊಳಗ ಕರಿ ಮುಖ ಇನ್ನೂ ಅದಾವು. ನೂರು ವರ್ಷ ನೀವು ಕಣ್ಣಿಗೆ ಕಂಡ ಕರೀನೇ ಆರಿಸಿ ತಗದ್ರಿ, ಅದಕ್ಕ ಕಮ್ಮಿ ಆಗ್ತಾ ಬಂದ್ವು. ಬಿಳಿ ಕುರಿಯೊಳಗ ಅಡಗಿದ್ದಕ್ಕ ನಿಮ್ಮ ಕೈ ಮುಟ್ಟಲಿಲ್ಲ, ಅದಕ್ಕ ಪೂರ್ತಿ ಹೋಗ್ಲಿಲ್ಲ. ಈಗ ದೊರೆ ಒಬ್ಬನೇ ತಂದಿ ಆಗ್ಯಾನ. ಹಳೇ ಕುರಿ ಒಂದೊಂದು ಸತ್ತಂಗ ಒಂದೊಂದು ಕರಿ ಮುಖ ಹೋಕ್ಕೈತಿ. ಇನ್ನೊಂದಿಷ್ಟು ವರ್ಷ ಹಿಂಗ ಬಿಟ್ರ ಖರೇನ ಒಂದೂ ಇರಂಗಿಲ್ಲ."

"ಬೀಜ ಚಂದ ಆಡಿಸ್ತಿ" ಎಂದ ಪೆದ್ದಣ್ಣ. "ಆಡೋದು ಬ್ಯಾರೆ, ಹುಟ್ಟೋದು ಬ್ಯಾರೆ. ಹುಟ್ಟಿಸಿ ತೋರಿಸಲಿ ಆಕಿ."

ಮತ್ತೆ ಅದೇ 'ಆಕಿ'. ಅತ್ತೆ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದದ್ದು ಕಂಡಿತು.

"ತೋರಸ್ತೀನಿ" ಎಂದಳು. "ದೊರೀನ ನಿನ್ನ ದೊಡ್ಡ್ಯಾಗ ಕಟ್ಟಿಕೋ. ನಾ ಹೇಳಿದ ಟಗರು ಹಿಂಡಿನಾಗ ಇರ್ಲಿ."

"ಸರೇ. ಆದ್ರ ಗಬ್ಬದ ಕುರಿ ಈಯೋದು ನನ್ನ ದೊಡ್ಡ್ಯಾಗ. ನನ್ನ ಕಣ್ಣ ಮುಂದ. ಮತ್ತ ಮಾತು ಬರಬಾರ್ದು."

ಹೀಗೆ ಗೊತ್ತಾಯಿತು. ದಾರಿಯಲ್ಲಿ ನಾನು ಹೆಮ್ಮೆಯಿಂದ ಎದೆ ಉಬ್ಬಿಸಿ ನಡೆದೆ. ದೊಡ್ಡಿ ಮುಟ್ಟುವಷ್ಟರಲ್ಲಿ ಎದೆ ಇಳಿಯಿತು. ಹುಣಸೆಬೀಜದ ಮುಖ ನನಗೆ ಕಾಣುತ್ತದೆ, ಕುರಿಯ ಒಳಮುಖ ಯಾರಿಗೆ ಕಾಣುತ್ತದೆ? ಯಾವ ಟಗರು ಅರ್ಧ ಕರಿ, ಯಾವುದು ಪೂರ್ತಿ ಬಿಳಿ?

ಹೆಣ್ಣು ಕುರಿಗಳ ವಿಷಯದಲ್ಲಿ ತೊಂದರೆ ಇರಲಿಲ್ಲ. ಎಂದಾದರೂ ಕರಿ ಮರಿ ಹಾಕಿದ ತಾಯಿಯೊಳಗೆ ಕರಿ ಮುಖ ಇದ್ದೇ ಇರಬೇಕು, ಮರಿಯೇ ಸಾಕ್ಷಿ. ಅತ್ತೆ ಹಿಂಡಿನ ನಡುವೆ ನಡೆಯುತ್ತ ಒಂದೊಂದರ ಬೆನ್ನು ತಟ್ಟಿದಳು. ಇದು ಒಂದು ಕರಿ ಹಾಕಿತ್ತು, ಇದು ಎರಡು, ಈ ಮುದುಕಿ ಅವಳಿ ಕರಿ ಹಾಕಿ ಒಂದನ್ನು ಉಳಿಸಿಕೊಂಡಿತ್ತು. ಹತ್ತು ಹನ್ನೆರಡು ಹಳೆಯ ಕುರಿಗಳು ಸಿಕ್ಕವು. ಟಗರಿಗೆ ಮಾತ್ರ ಊಹೆಯೇ ಗತಿ. ಅದೇ ತಾಯಂದಿರಿಗೆ ದೊರೆಯಿಂದ ಹುಟ್ಟಿ ಈಗ ಪ್ರಾಯಕ್ಕೆ ಬಂದ ಗಂಡುಗಳಿದ್ದವು. ತಂದೆಯಿಂದ ಬಿಳಿ ಮುಖ ಬಂದದ್ದು ಖಂಡಿತ. ತಾಯಿಯಿಂದ ಕರಿ ಬಂದಿದೆಯೋ ಬಿಳಿಯೋ, ನಾಣ್ಯ ಎಸೆದ ಹಾಗೆ. ಒಂದನ್ನೇ ನೆಚ್ಚುವುದು ಬೇಡವೆಂದು ಮೂರು ಆರಿಸಿದೆವು. ಕಿವಿಹರುಕ, ಗಿಡ್ಡ, ಅಳುಬುರುಕ. ಹೆಸರು ಅತ್ತೆಯವು.

"ಮೂರೂ ಪೂರ್ತಿ ಬಿಳಿ ಆಗಿದ್ರ?" ಎಂದು ಅವಳು ಕೇಳಿದಳು.

"ಆಗಬಹುದು ಅತ್ತೀ. ಆಗೋದು ಕಮ್ಮಿ."

"ಕಮ್ಮಿ ಅಂದ್ರ ಇಲ್ಲ ಅಂತಲ್ಲ ಕದಾ."

ಅಲ್ಲ. ಅದನ್ನೇ ನಾನು ಮಕ್ಕಳಿಗೆ ಹೇಳುವುದು. ಆದರೆ ತರಗತಿಯಲ್ಲಿ ಲೆಕ್ಕ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಇಲ್ಲಿ ನನ್ನ ಅತ್ತೆಯ ಕೋಲು ಹೋಗುತ್ತದೆ. ಆ ಮಳೆಗಾಲವಿಡೀ ನನಗೆ ನೆಮ್ಮದಿಯಿರಲಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ಹುಣಸೆಬೀಜ ಎಸೆಯುತ್ತ ಕೂರುತ್ತಿದ್ದೆ. ದೇವದಾಸ್ ಬಂದು, "ಇವತ್ತು ಸಾರಿನಾಗ ಬಿಳಿ ಹುಣಸಿನಾ, ಕರಿ ಹುಣಸಿನಾ?" ಎಂದು ಕೇಳಿ ಲಟ್ಟಣಿಗೆ ಬೀಸಿಸಿಕೊಂಡ. ಎಸೆದಷ್ಟೂ ಒಂದು ವಿಷಯ ಕುತೂಹಲ ಕೆರಳಿಸುತ್ತಿತ್ತು. ನೂರು ಸಲ ಎಸೆದರೆ ನಾಲ್ಕರಲ್ಲೊಂದು ಅಚ್ಚುಕಟ್ಟಾಗಿ ಹತ್ತಿರ ಬರುತ್ತದೆ. ಹತ್ತೇ ಸಲ ಎಸೆದರೆ ಒಮ್ಮೆ ಐದು ಕರಿ, ಒಮ್ಮೆ ಒಂದೂ ಇಲ್ಲ. ಹಿಂಡು ಚಿಕ್ಕದಾದಷ್ಟೂ ಬಣ್ಣ ತನ್ನಿಷ್ಟ ಬಂದಂತೆ ಆಡುತ್ತದೆ, ಯಾರ ತಪ್ಪೂ ಇಲ್ಲದೆ ಒಂದು ಮುಖ ಹಿಂಡಿನಿಂದಲೇ ಅಳಿಸಿಹೋಗಬಹುದು. ಅವ್ವನ ಕೋಪ ಬೇಡ, ಕಳ್ಳರು ಬೇಡ, ಬೀಜ ಬೀಳುವ ರೀತಿಯೇ ಸಾಕು. ಇದನ್ನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೆದರಿಕೆಯಾದದ್ದು ಈಗ.

ಕಾರ್ತಿಕ ಬಂತು. ನಾವು ಆರಿಸಿದ್ದ ಗಬ್ಬದ ಕುರಿಗಳು ಪೆದ್ದಣ್ಣನ ದೊಡ್ಡಿ ಸೇರಿದವು. ಅವನು ಹೇಳಿದಂತೆಯೇ ಅಲ್ಲೇ ಮಂಚ ಹಾಕಿಕೊಂಡ. ಅತ್ತೆ ಹಗಲೆಲ್ಲ ದೊಡ್ಡಿಯ ಈ ತುದಿಗೆ, ಅವನು ಆ ತುದಿಗೆ. ಅವಳ ಜೊತೆ ಮಾತಾಡಬೇಕಾದರೆ ಕುರಿಗಳಿಗೆ ಹೇಳುವಂತೆ ಹೇಳುತ್ತಿದ್ದನಂತೆ: "ಈ ಕುರೀಗೆ ಬಿಸಿನೀರು ಬೇಕು ಅಂತ ಯಾರಾರ ಆಕೀಗೆ ಹೇಳ್ರಿ." ದೊಡ್ಡಿಯಲ್ಲಿ ಅವರಿಬ್ಬರ ಹೊರತು ಯಾರೂ ಇರುತ್ತಿರಲಿಲ್ಲ.

ಮೊದಲ ಮರಿ ಬಿಳಿ. ಎರಡನೆಯದು ಬಿಳಿ. ಅತ್ತೆ ಫೋನಿನಲ್ಲಿ ಪ್ರತಿಸಲ ಅಷ್ಟೇ ಹೇಳುತ್ತಿದ್ದಳು, "ಬಿಳಿ", ಇಟ್ಟುಬಿಡುತ್ತಿದ್ದಳು. ಏಳು ಮರಿಗಳಾದ ಮೇಲೂ ಬಿಳಿಯೇ. ಆ ದಿನ ನಾನು ತರಗತಿಯಲ್ಲಿ ಅದೇ ಪಾಠ ಹೇಳುವುದಿತ್ತು. ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತು ಏನೂ ಬರೆಯದೆ ಮಕ್ಕಳನ್ನು ಬಿಟ್ಟುಬಿಟ್ಟೆ. ಸಿದ್ಧಾಂತದಲ್ಲಿ ನನಗೆ ಸಂಶಯವಿರಲಿಲ್ಲ. ಅದಕ್ಕೆ ಹುಲುಗಮ್ಮ ಯಾರೆಂದು ಗೊತ್ತಿಲ್ಲ, ಅದೇ ನನ್ನ ಸಂಕಟ.

ಇನ್ನು ಮೂರೇ ಕುರಿ ಉಳಿದಿದ್ದವು. ಒಂದು ಬೆಳಿಗ್ಗೆ ಫೋನು ಬಂತು. ಅತ್ತೆಯದಲ್ಲ.

"ಬಾ" ಎಂದ ಪೆದ್ದಣ್ಣ. ಅಷ್ಟೇ ಹೇಳಿ ಇಟ್ಟ.

ಮೊದಲ ಬಸ್ಸಿಗೇ ಹೋದೆ. ಚಳಿಗೆ ದಾರಿಯ ಹತ್ತಿ ಹೊಲಗಳೆಲ್ಲ ಮಂಜು ಹೊದ್ದಿದ್ದವು. ದೊಡ್ಡಿಯ ಮುಂದೆ ಆಗಲೇ ಓಣಿಯ ಅರ್ಧ ಜನ. ನಳಕ್ಕೆ ಬಂದ ಹೆಂಗಸರು ಕೊಡ ಸೊಂಟಕ್ಕಿಟ್ಟುಕೊಂಡೇ ಗೋಡೆಗೆ ಒರಗಿ ಇಣುಕುತ್ತಿದ್ದರು. ಒಳಗೆ, ಹಿಂದೊಮ್ಮೆ ಅವಳಿ ಕರಿ ಹಾಕಿದ್ದ ಆ ಮುದಿ ಕುರಿ ನಿಂತು ನೆಕ್ಕುತ್ತಿತ್ತು. ಅದರ ಕಾಲ ಬಳಿ ನಡುಗುತ್ತ ನಿಂತಿದ್ದ ಮರಿ ಕಾಡಿಗೆ ಕಪ್ಪು. ಗೊರಸಿನವರೆಗೂ ಕಪ್ಪು. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನನಗೆ ಏನೂ ತೋಚದೆ ಅವಳ ಬೆನ್ನಿಗೆ ಹಣೆ ಹಚ್ಚಿ ನಾನೂ ಅತ್ತುಬಿಟ್ಟೆ. ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

"ಗಂಡು!" ಎಂದ ಉರುಕುಂದ ಮರಿಯ ಕಾಲೆತ್ತಿ ನೋಡಿ. "ಅವ್ವ ಕಣ್ಣು ತಗದ್ಲು. ಹಾಲು ಬಿಡ್ಲಿ, ದಾರ ಕಟ್ತೀನಿ. ಬರೋ ಚೈತ್ರಕ್ಕ ಬ್ಯಾಡ, ಅದರ ಮುಂದಿನ ಚೈತ್ರಕ್ಕ ಸರಿಯಾಗಿ ಆಕ್ಕಾನ."

ಮತ್ತೆ ಅದೇ ದಾರ! ಇಷ್ಟು ಕಷ್ಟಪಟ್ಟು ಹೊರಬಂದ ಎರಡು ಕರಿ ಮುಖಗಳು ಒಂದು ಮರಿಯೂ ಇಲ್ಲದೆ ಹೋಗಲಿವೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದು ಯಾರು ಹೇಳಿದ್ದು, ನೀನಾ ಅವ್ವನಾ?"

"ಪದ್ಧತಿ ಅಲ್ಲೇನು?"

"ಕೇಳೋದೂ ಪದ್ಧತೀನೇ. ಅವ್ವನ್ನೇ ಕೇಳೋಣು. ಈಗಲೇ." ಅವಳು ದೊಡ್ಡಿಯ ಮೂಲೆಯ ಬಾನಿಯಿಂದ ಚೊಂಬು ನೀರು ತಂದಳು. ರಾತ್ರಿಯೆಲ್ಲ ಬಯಲಿಗಿದ್ದ ನೀರು. ಅದಕ್ಕೆ ಚಿಟಿಕೆ ಅರಿಸಿನ ಬೆರೆಸಿದಳು. ಬಿಸಿಲೇರಿದ ಮೇಲೆ ಕೇಳೋಣ ಎಂದ ಉರುಕುಂದನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಚೈತ್ರದ ಮಧ್ಯಾಹ್ನದಲ್ಲಿ ಕಣ್ಣು ಮುಚ್ಚಿ ನಿಂತ ಹಾಲಹರವಿ ಟಗರು ನನಗೆ ನೆನಪಾಯಿತು. ಅವಳಿಗೂ ಆಗಿತ್ತೋ ಇಲ್ಲವೋ, ಆ ಮುಖ ನೋಡಿ ಹೇಳಲು ಸಾಧ್ಯವಿರಲಿಲ್ಲ.

ಅವಳು ಮರಿಯ ಮುಂದೆ ನಿಂತು, ದೊಡ್ಡಿಯ ಆಚೆಯವರಿಗೂ ಕೇಳುವಂತೆ ಹೇಳಿದಳು. "ಅವ್ವಾ ಸುಂಕಲಮ್ಮಾ, ಇವನೊಬ್ಬನ್ನ ತಗಂಡ್ರ ಇವನ ಹಿಂದ ಕರಿ ಇರಂಗಿಲ್ಲ. ಇವನು ಹಿಂಡಿನಾಗ ತಿರಗ್ಲಿ, ಮಕ್ಕಳಾಗ್ಲಿ. ಆ ಮಕ್ಕಳಾಗ ನಿನಗ ವರ್ಷಕ್ಕೊಂದು. ನಿನಗ ಇವನ ಮಕ್ಕಳು ಬೇಕು ಅಂದ್ರ ಮೈ ಕೊಡವಿಸು."

ಬೆನ್ನ ಮೇಲೆ ಒಂದು ಬೊಗಸೆ ನೀರು ಬಿಟ್ಟಳು. ಮರಿ ತಲೆ ತಗ್ಗಿಸಿ ನಿಂತಿತು. ನೀರು ಹೊಟ್ಟೆಯ ಕಡೆಗೆ ಇಳಿಯಿತು, ನೆಲಕ್ಕೆ ತೊಟ್ಟಿಕ್ಕಿತು. ಏನೂ ಇಲ್ಲ. ನಾನು, ವಿಜ್ಞಾನ ಓದಿದವಳು, ಒಳಗೊಳಗೇ 'ಕೊಡವೋ, ಕೊಡವೋ ಮಾರಾಯಾ' ಎಂದು ಬೇಡಿಕೊಳ್ಳುತ್ತಿದ್ದೆ. ಅತ್ತೆಯ ತುಟಿ ಬಿಳುಚಿತ್ತು.

ಆಗ ಮರಿ ಒಮ್ಮೆ ಸೀನಿ, ಮೂಗಿನಿಂದ ಬಾಲದವರೆಗೆ ಮೈಯೆಲ್ಲ ಜಾಡಿಸಿ ಕೊಡವಿತು. ಅರಿಸಿನದ ಹನಿಗಳು ಹಾರಿ ಪಕ್ಕದಲ್ಲಿದ್ದ ಪೆದ್ದಣ್ಣನ ಬಿಳಿ ಪಂಚೆಯ ಮೇಲೆ ಬಿದ್ದವು. ನಳದ ಹೆಂಗಸರೊಳಗೆ ಯಾರೋ ಗಟ್ಟಿಯಾಗಿ ನಕ್ಕರು. ಉರುಕುಂದ ಕೈ ಮುಗಿದ. ಅವ್ವ ಒಪ್ಪಿದ ಮೇಲೆ ಪೂಜಾರಿ ಹೇಳುವುದಕ್ಕೇನಿದೆ?

ಪೆದ್ದಣ್ಣ ಪಂಚೆಯ ಕಲೆಗಳನ್ನು ನೋಡಿಕೊಂಡ. ಆಮೇಲೆ ಬಗ್ಗಿ, ಹೆಗಲ ಮೇಲಿನ ಟವೆಲ್ಲಿನಿಂದ ಮರಿಯ ಬೆನ್ನು ಒರೆಸತೊಡಗಿದ. ತಲೆ ಎತ್ತದೆಯೇ ಮಾತಾಡಿದ.

"ಈ ಕಡೆ ಚಳಿ ಐತಿ. ಮರೀನ ಬೆಚ್ಚಗ ಮಲಗಿಸ್ಬೇಕು. ದೊರೀನ ನಾನೇ ಇಟ್ಕಂತೀನಿ. ಹಿಂಡು ಹೊಡಕಂಡು ಹೋಗು."

"ಯಾರಿಗೆ ಹೇಳ್ತಿದೀ?" ಎಂದಳು ಅತ್ತೆ. "ಕುರೀಗಾ, ಆಕೀಗಾ?"

ಅವನ ಕೈ ಮರಿಯ ಬೆನ್ನ ಮೇಲೆ ನಿಂತಿತು. ಮುದಿ ಕುರಿ ಅವನ ಮೊಣಕೈ ತಳ್ಳಿ ತನ್ನ ಮರಿಯನ್ನು ಮತ್ತೆ ನೆಕ್ಕಲು ನೋಡುತ್ತಿತ್ತು.

"ನಿನಗ ಹೇಳ್ತಿದೀನಿ" ಎಂದ. "ತಪ್ಪಾತು ಅಕ್ಕ."

ಅತ್ತೆ ಕೋಲು ಎತ್ತಿಕೊಂಡಳು. ಗೋಡೆಯ ಆಚೆ ಕೊಡ ಹಿಡಿದು ನಿಂತ ಹೆಂಗಸರ ಕಡೆ ಒಮ್ಮೆ ನೋಡಿದಳು.

"ಅವ್ರಿಗೆ ಕೇಳಿಸ್ಲಿಲ್ಲ" ಎಂದಳು. "ಇನ್ನೊಂದು ಸಲ ಅನ್ನು."

ಅವನು ಎದ್ದು ನಿಂತು, ಇನ್ನೊಂದು ಸಲ, ನಳದ ತನಕ ಕೇಳುವಂತೆ ಅಂದ.